ಕಡಲಾಚೆಯ ಊಟ: ಬುತ್ತಿ ಕಟ್ಟುವ ಮುನ್ನ ಒಂದು ವಿಚಾರ



ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದವಾದ ಮೇಲೆ ಉಮದಿ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಪಡಸಾಲೆಯಲ್ಲಿ ಹಿಂದೆ ಉಳಿದರು. ಹತ್ತಾರು ರೈತರು ಕೂಡಿ ಹಾಲೆಂಡ್ ದೇಶದ ತೋಟಗಾರಿಕೆ ನೋಡಿ ಬರಲು ಹೊರಟಿದ್ದರು. ಅದರಲ್ಲಿ ಇವರೂ ಒಬ್ಬರು. ಮೊಗದಲ್ಲಿ ಹರುಷ ಕಾಣಲಿಲ್ಲ.

"ಅಪ್ಪಾರ, ತಿಕೀಟ ಆಗ್ಯದ, ಪಾಸಪೋರ್ಟ ಬಂದದ. ಆದ್ರ ಮನಸ್ಸ ಒಪ್ಪವಲ್ದು. ಅಲ್ಲಿ ಏನ ನೀಡತಾರೋ, ಯಾವ ಎಣ್ಣ್ಯಾಗ ಕರೀತಾರೋ ಯಾರಿಗೊತ್ತು. ಹತ್ತ ದಿವ್ಸ ಉಪಾಸ ಇದ್ದ ಬರ್ಲೇನ್ರಿ, ಇಲ್ಲಾ ಹೋಗೂದ ಬಿಟ್ಟಬಿಡ್ಲಿ?" ಎಂದು ಕೇಳಿದರು.

ಅಲ್ಲೇ ಕುಳಿತಿದ್ದ ಜತ್ತದ ಅಡತಿ ಅಂಗಡಿಯ ಹುಡುಗನೊಬ್ಬ ನಕ್ಕು, "ಕಾಕಾ, ಅಲ್ಲಿ ನಿಮ್ಮನ್ನ ಯಾರ ನೋಡಾಕ ಬರ್ತಾರ? ಕೊಟ್ಟದ್ದ ತಿಂದ ಬರ್ರಿ. ಊರಿಗಿ ಬಂದ ಮ್ಯಾಲ ನಮ್ಮ ಪದ್ಧತಿ ಇದ್ದ ಇರ್ತದ" ಎಂದ.

ಒಂದೇ ಪ್ರಶ್ನೆಗೆ ಎರಡು ಉತ್ತರ ನಮ್ಮೆದುರಿಗೆ ಬಂದವು. ಒಬ್ಬರು ಶೀಲಕ್ಕಾಗಿ ಪ್ರವಾಸವನ್ನೇ ಬಿಡುವವರು, ಇನ್ನೊಬ್ಬರು ಪ್ರವಾಸಕ್ಕಾಗಿ ಶೀಲವನ್ನು ಬಿಡುವವರು. ಇಬ್ಬರಿಗೂ ಅಂದು ನಾವು ಪೂರ್ತಿ ಉತ್ತರ ಹೇಳಲಿಲ್ಲ. ಈಗ ನಮ್ಮ ತಾಲೂಕಿನಿಂದಲೂ ಜನ ಪರದೇಶಕ್ಕೆ ಹೋಗುವುದು ಹೆಚ್ಚಾಗಿದೆ. ಮಕ್ಕಳು ಓದಲು ಹೋಗುತ್ತಾರೆ, ನೌಕರಿಯಲ್ಲಿರುವ ಮಗನ ಮನೆಗೆ ತಾಯಿತಂದೆ ಹೋಗುತ್ತಾರೆ, ವ್ಯಾಪಾರಿಗಳು ಬೇದಾಣೆ ಮಾರಲು ಹೋಗುತ್ತಾರೆ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ 14ರಂದು ಅನಾವರಣಗೊಂಡ ಬಸವೇಶ್ವರರ ಪುತ್ಥಳಿಯನ್ನು ನೋಡಿ ಬರಬೇಕೆಂಬ ಆಸೆಯೂ ಹಲವರಿಗೆ ಇದೆ. ಆದ್ದರಿಂದ ಈ ಪ್ರಶ್ನೆಯನ್ನು ನಮ್ಮ ಪತ್ರಿಕೆಯಲ್ಲಿಯೇ ವಿಚಾರ ಮಾಡುವುದು ಲೇಸೆನಿಸಿತು.

ಮೊದಲು ಅಂಜಿಕೆಯನ್ನು ನೋಡೋಣ. ಕಾಣದ ಊರಿನ ಕಾಣದ ಅಡಿಗೆ ಎಂದಕೂಡಲೇ ಮನಸ್ಸು ಹಿಂಜರಿಯುತ್ತದೆ. 'ನಮ್ಮದು' ಮತ್ತು 'ಪರಕೀಯ' ಎಂದು ನಾವು ಗೆರೆ ಎಳೆಯುತ್ತೇವೆ. ಆದರೆ ನಮ್ಮ ಗಂಗಾಳವನ್ನೇ ಒಮ್ಮೆ ನೋಡಿರಿ. ಹಿಂಗಾರಿ ಹಂಗಾಮಿನ ಬಿಳಿಜೋಳವಿಲ್ಲದೆ ಜತ್ತ ಸೀಮೆಯ ಊಟವಿಲ್ಲ. ಆ ಜೋಳದ ಮೂಲ ನೆಲ ಆಫ್ರಿಕಾ ಖಂಡ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ನಾಡಿಗೆ ಬಂದಿತು. ಶೇಂಗಾ ಹಿಂಡಿಯ ಶೇಂಗಾ ದಕ್ಷಿಣ ಅಮೆರಿಕದ್ದು. ಕೆಂಪು ಖಾರದ ಮೆಣಸಿನಕಾಯಿ, ಟೊಮೆಟೊ, ಬಟಾಟೆ, ಗೋವಿನಜೋಳ ಎಲ್ಲವೂ ಅಮೆರಿಕ ಖಂಡದವು. ಪೋರ್ತುಗೀಜರು ಕಡಲು ದಾಟಿ ಬಂದ ಮೇಲೆ ಇವು ನಮ್ಮ ನಾಡು ಸೇರಿದವು. ಅಂದರೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮಹಾಮನೆಯ ದಾಸೋಹದಲ್ಲಿ ಮೆಣಸಿನಕಾಯಿಯ ಖಾರವೂ ಇರಲಿಲ್ಲ, ಶೇಂಗಾ ಹೋಳಿಗೆಯೂ ಇರಲಿಲ್ಲ. ನಮ್ಮ ರೈತರ ಕೈಹಿಡಿದ ತಾಸ್-ಎ-ಗಣೇಶ, ಸೋನಾಕಾ ದ್ರಾಕ್ಷಿಗಳು ಕೂಡ ಕ್ಯಾಲಿಫೋರ್ನಿಯಾದಿಂದ ಹೆಸರಾದ ಥಾಮ್ಸನ್ ಸೀಡಲೆಸ್ ಬಳ್ಳಿಯಿಂದಲೇ ಆರಿಸಿ ಬೆಳೆಸಿದ ತಳಿಗಳು.

ಇವೆಲ್ಲ ಒಂದು ಕಾಲಕ್ಕೆ ನಮ್ಮ ಹಿರಿಯರಿಗೆ ಅಪರಿಚಿತ ಆಹಾರವೇ ಆಗಿದ್ದವು. ಯಾರೋ ಒಬ್ಬಾಕೆ ತಾಯಿ ಧೈರ್ಯ ಮಾಡಿ ಮೊದಲ ಸಲ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಳು. ಅದಕ್ಕೇ ಇಂದು ನಾವು ಅದನ್ನು 'ನಮ್ಮದು' ಎನ್ನುತ್ತೇವೆ. ಗಡಿಭಾಗದವರಾದ ನಮಗೆ ಇದು ಮತ್ತೂ ಸುಲಭವಾಗಿ ತಿಳಿಯಬೇಕು. ಕನ್ನಡದ ಮನೆಯಲ್ಲಿ ರೊಟ್ಟಿ, ಮರಾಠಿಯ ಮನೆಯಲ್ಲಿ ಭಾಕರಿ. ಹಿಟ್ಟು ಒಂದೇ, ಹಂಚು ಒಂದೇ. ಸಂಖದವರು ಸಾಂಗಲಿಗೆ ಹೋದರೂ ಸೊಲ್ಲಾಪುರಕ್ಕೆ ಹೋದರೂ ಉಂಡೇ ಬರುತ್ತಾರೆ.

ಇನ್ನೂ ಒಂದು ಮಾತು. 'ಅಲ್ಲಿಯವರು ಮಾಂಸ ತಿನ್ನುವವರು, ಅವರ ಜೊತೆ ಕೂಡುವುದು ಹೇಗೆ' ಎಂದು ಕೆಲವರು ಕೇಳುತ್ತಾರೆ. ಮಾಡಗ್ಯಾಳ ಕುರಿಗೆ ಹೆಸರಾದ ತಾಲೂಕು ನಮ್ಮದು. ಕುರಿ ಸಾಕುವವರೂ ತಿನ್ನುವವರೂ ನಮ್ಮ ನೆರೆಹೊರೆಯವರು. ಅವರೊಡನೆ ಬದುಕಿನ ಕೊಡುಕೊಳ್ಳುವಿಕೆ ಇದೆ, ಮುಯ್ಯಿ ಇದೆ, ಕಷ್ಟಕ್ಕೆ ಅವರು ನಮಗೂ ನಾವು ಅವರಿಗೂ ಆಗುತ್ತೇವೆ. ಊರಲ್ಲಿ ಇಲ್ಲದ ಅಸಹ್ಯ ವಿಮಾನ ಹತ್ತಿದ ಮೇಲೆ ಏಕೆ ಹುಟ್ಟಬೇಕು? ಕುಲ ಕೇಳಿ ಪಂಕ್ತಿ ಹಾಕುವ ಪದ್ಧತಿಯನ್ನು ಮುರಿದವರು ನಮ್ಮ ಶರಣರು. ಯಾರ ಕೈಯ ಅಡಿಗೆ ಎಂಬ ಅಂಜಿಕೆ ಅವರದಾಗಿರಲಿಲ್ಲ. ಗುಡ್ಡಾಪುರದ ದಾನಮ್ಮತಾಯಿಯ ಜಾತ್ರೆಗೆ ಎರಡೂ ರಾಜ್ಯಗಳಿಂದ ಜನ ಪಾದಯಾತ್ರೆ ಮಾಡಿ ಬರುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ಅಡಿಗೆ ಮಾಡಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ನಂಬಿ ಉಣ್ಣುತ್ತಾರೆ.

ಆದ್ದರಿಂದ ಅಪರಿಚಿತವೆಂಬ ಒಂದೇ ಕಾರಣಕ್ಕೆ ಅನ್ನವನ್ನು ಅಂಜುವುದು ಧರ್ಮವಲ್ಲ. ಅದು ನಾಲಿಗೆಯ ರೂಢಿ. ರೊಟ್ಟಿ ಸಿಗದಿದ್ದರೆ ಬ್ರೆಡ್ಡು ತಿಂದೇವು, ಖಾರವಿಲ್ಲದಿದ್ದರೆ ಸಪ್ಪಗೆ ಉಂಡೇವು. ರೂಢಿಯನ್ನು ಸಡಿಲು ಮಾಡಬಹುದು. ಆದರೆ ಜೀವ ಕೊಂದು ಉಣ್ಣಬಾರದೆಂಬುದು ನಮ್ಮಲ್ಲಿ ರೂಢಿಯಷ್ಟೇ ಅಲ್ಲ, ಅದು ಶೀಲ. ಅದು ಸದಾಚಾರಕ್ಕೆ ಸೇರಿದ್ದು. ಈ ಎರಡನ್ನೂ ಬೇರೆ ಮಾಡಿ ತಿಳಿಯದಿದ್ದರೆ ಅಂಜುವವನು ಎರಡನ್ನೂ ಬಿಗಿಹಿಡಿಯುತ್ತಾನೆ, ಉಡಾಫೆಯವನು ಎರಡನ್ನೂ ಬಿಟ್ಟುಬಿಡುತ್ತಾನೆ.

ಈಗ ಅಡತಿಯ ಹುಡುಗನ ಮಾತಿಗೆ ಬರೋಣ: 'ಅಲ್ಲಿ ಯಾರು ನೋಡುತ್ತಾರೆ?' ಇದಕ್ಕೆ ಮಹಾತ್ಮಾ ಗಾಂಧೀಜಿಯವರ ಜೀವನದಲ್ಲಿಯೇ ಉತ್ತರವಿದೆ. 1888ರ ಸೆಪ್ಟೆಂಬರ 4ರಂದು ಅವರು ಮುಂಬಯಿಯಿಂದ ಹಡಗು ಹತ್ತಿದಾಗ ಅವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಮದ್ಯ, ಮಾಂಸ, ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ವಚನ ಕೊಟ್ಟು ಹೊರಟಿದ್ದರು. ಹಡಗಿನಲ್ಲಿ ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಅವರಿಗೆ ನಾಚಿಕೆ. ಮುಳ್ಳುಚಮಚ ಹಿಡಿಯಲೂ ಬಾರದು. ಹೀಗಾಗಿ ಮನೆಯಿಂದ ಒಯ್ದ ಸಿಹಿತಿಂಡಿ, ಹಣ್ಣುಗಳನ್ನೇ ತಮ್ಮ ಕೋಣೆಯಲ್ಲಿ ಒಬ್ಬರೇ ಕುಳಿತು ತಿಂದರು. ಲಂಡನ್ನಿನಲ್ಲಿಯೂ ಮೊದಮೊದಲು ಅರೆಹೊಟ್ಟೆಯೇ. ನಮ್ಮ ಉಮದಿಯ ಭಕ್ತರ ಅಂಜಿಕೆಯೂ ಇದೇ ಅಲ್ಲವೇ?

ತಿರುಗಿ ತಿರುಗಿ ಕಡೆಗೆ ಫ್ಯಾರಿಂಗ್ಡನ್ ರಸ್ತೆಯಲ್ಲಿ ಅವರಿಗೆ ಒಂದು ಶಾಕಾಹಾರಿ ಊಟದ ಮನೆ ಸಿಕ್ಕಿತು. ಅಲ್ಲಿಯೇ ಹೆನ್ರಿ ಸಾಲ್ಟ್ ಎಂಬ ಇಂಗ್ಲೀಷ ಲೇಖಕರು ಶಾಕಾಹಾರವನ್ನು ಎತ್ತಿಹಿಡಿದು ಬರೆದ ಪುಸ್ತಕವೂ ಸಿಕ್ಕಿತು. ಅದನ್ನು ಓದಿದ ಮೇಲೆ, ಅಲ್ಲಿಯವರೆಗೆ ತಾಯಿಗೆ ಕೊಟ್ಟ ಮಾತಿಗಾಗಿ ಪಾಲಿಸಿದ್ದನ್ನು ತಮ್ಮ ಸ್ವಂತ ಬುದ್ಧಿಯಿಂದ ಒಪ್ಪಿಕೊಂಡರು. ಊರಲ್ಲಿ ಹತ್ತು ಜನರ ಕಣ್ಣಿಗೆ ಅಂಜಿ ನಡೆಯುವ ಶೀಲ ಯಾರೂ ನೋಡದ ಲಂಡನ್ನಿನಲ್ಲಿ ಅವರದೇ ಆಯಿತು.

ತತ್ತಿಯ ವಿಷಯದಲ್ಲಿ ಅವರಿಗೆ ಒಂದು ಸಂದೇಹ ಬಂದಿತ್ತು. ತತ್ತಿ ಮಾಂಸವಲ್ಲವೆಂದು ಅಲ್ಲಿಯ ಕೆಲವರು ವಾದ ಮಾಡಿದರು. ಅದನ್ನು ಕೇಳಿ ಸ್ವಲ್ಪ ದಿನ ತಿಂದರು. ಆಮೇಲೆ ಮನಸ್ಸಿಗೆ ಸರಿಕಾಣಲಿಲ್ಲ. ವಚನ ತೆಗೆದುಕೊಂಡವಳು ತಾಯಿ, ಆಕೆಯ ಅರ್ಥದಲ್ಲಿ ತತ್ತಿಯೂ ಮಾಂಸವೇ, ಆದ್ದರಿಂದ ಆಕೆಯ ಅರ್ಥವೇ ತನಗೆ ಪ್ರಮಾಣವೆಂದು ಬಿಟ್ಟುಬಿಟ್ಟರು. ಪರದೇಶಕ್ಕೆ ಹೋಗುವ ನಮ್ಮ ಹುಡುಗರು ಇದನ್ನು ನೆನಪಿಡಬೇಕು. ಮಾತಿನ ಅರ್ಥವನ್ನು ನಮಗೆ ಅನುಕೂಲವಾದಲ್ಲಿ ಹಿಗ್ಗಿಸುತ್ತ ಹೋದರೆ ಶಬ್ದ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

'ಯಾರು ನೋಡುತ್ತಾರೆ' ಎಂಬುದಕ್ಕೆ ಲಿಂಗಾಯತರಿಗಂತೂ ಹತ್ತಿರದ ಉತ್ತರವಿದೆ. ನಮ್ಮ ದೇವರು ಊರ ಗುಡಿಯಲ್ಲಿ ಉಳಿದುಕೊಳ್ಳುವವನಲ್ಲ. ಇಷ್ಟಲಿಂಗವು ಎದೆಯ ಮೇಲಿದ್ದು ನಮ್ಮ ಜೊತೆಗೇ ಬರುತ್ತದೆ. ಉಣ್ಣುವ ಮೊದಲು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವುದು ನಮ್ಮ ಆಚಾರ. ಯಾವುದನ್ನು ಅಂಗೈಯ ಲಿಂಗಕ್ಕೆ ಅರ್ಪಿಸಲು ಮನಸ್ಸು ಅಳುಕುವುದಿಲ್ಲವೋ ಅದನ್ನು ಯಾವ ದೇಶದಲ್ಲಾದರೂ ಉಣ್ಣಿರಿ. ಅಳುಕಿದರೆ ಕೈ ಹಿಂದಕ್ಕೆ ತೆಗೆಯಿರಿ. ಅಡತಿಯ ಹುಡುಗನಿಗೆ ನಾವು ಹೇಳುವುದು ಇಷ್ಟೇ.

ಇನ್ನು ವ್ಯವಹಾರದ ಮಾತು. ಶೀಲಕ್ಕೆ ಭಕ್ತಿಯೊಂದೇ ಸಾಲದು, ತಿಳುವಳಿಕೆಯೂ ಬೇಕು. ಪರದೇಶದಲ್ಲಿರುವ ನಮ್ಮ ಭಕ್ತರಿಂದ ಕೇಳಿದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ.

ವಿಮಾನದ ಊಟವನ್ನು ಒಂದೆರಡು ದಿನ ಮುಂಚೆಯೇ ಬರೆಸಬೇಕು. 'ಹಿಂದೂ ಮೀಲ್' ಎಂಬ ಹೆಸರು ನೋಡಿ ಮೋಸಹೋಗಬೇಡಿರಿ. ಅದರಲ್ಲಿ ದನದ ಮಾಂಸವಿರುವುದಿಲ್ಲ, ಆದರೆ ಕುರಿ, ಕೋಳಿ, ಮೀನು ಇರಬಹುದು. 'ಏಶಿಯನ್ ವೆಜಿಟೇರಿಯನ್ ಮೀಲ್' ಎಂದು ಬರೆಸಿರಿ.

ಹಾಲೆಂಡಿನಲ್ಲಿ ಉಪವಾಸ ಬೀಳುವ ಕಾರಣವೇ ಇಲ್ಲ. ಅಲ್ಲಿಯ ಜನ ಶೇಂಗಾ ಅರೆದು ಬ್ರೆಡ್ಡಿಗೆ ಹಚ್ಚಿ ತಿನ್ನುವುದರಲ್ಲಿ ನಮಗಿಂತ ಹಿಂದಿಲ್ಲ. ಮಜ್ಜಿಗೆಯೂ ಸಿಗುತ್ತದೆ, ಬಟಾಟೆಯೂ ಹಣ್ಣೂ ಹೇರಳ. ಆದರೆ ಚಳಿಗಾಲದ ಅವರ ಬಟಾಣಿ ಸಾರನ್ನು ಕಾಳಿನ ಸಾರೆಂದು ನಂಬಬಾರದು. ರೂಢಿಯಂತೆ ಅದಕ್ಕೆ ಹಂದಿಯ ಮಾಂಸ ಹಾಕಿ ಕುದಿಸುತ್ತಾರೆ. ತರಕಾರಿ ಸೂಪಿಗೂ ಅನೇಕ ಕಡೆ ಎಲುಬು ಕುದಿಸಿದ ನೀರು ಬಳಸುತ್ತಾರೆ. ಚೀಜ್ ಹಾಲಿನದೇ ಆದರೂ ಹಾಲನ್ನು ಹೆಪ್ಪುಗಟ್ಟಿಸಲು ಕೆಲವರು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಪದಾರ್ಥ ಹಾಕುತ್ತಾರೆ. ಅದಿಲ್ಲದ ಚೀಜೂ ಸಿಗುತ್ತದೆ, ಕೇಳಿ ಕೊಳ್ಳಬೇಕು. ಮೆತ್ತಗಿನ ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆದ ಜಿಲೆಟಿನ್ ಇರುತ್ತದೆ. ಪೂರ್ವದ ದೇಶಗಳಿಗೆ ಹೋದರೆ, ಥಾಯ್‌ಲೆಂಡಿನ ತರಕಾರಿ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. ಜಪಾನಿನ ಸಾರಿನ ಬುಡವೇ ಹೆಚ್ಚಾಗಿ ಒಣಮೀನಿನದು.

ನಮ್ಮ ದೇಶದ ಪೊಟ್ಟಣಗಳ ಮೇಲೆ ಇರುವ ಹಸಿರು ಚುಕ್ಕೆ ಅಲ್ಲಿರುವುದಿಲ್ಲ. ಆದರೆ ಯುರೋಪಿನ ಒಕ್ಕೂಟದಲ್ಲಿ 2014ರ ಡಿಸೆಂಬರದಿಂದ ಜಾರಿಯಲ್ಲಿರುವ ನಿಯಮದಂತೆ ತತ್ತಿ, ಮೀನು, ಹಾಲು, ಶೇಂಗಾ, ಎಳ್ಳು ಮುಂತಾದ 14 ಪದಾರ್ಥಗಳು ಇದ್ದರೆ ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಅಚ್ಚು ಹಾಕಲೇಬೇಕು. ಇದು ಕೆಲವರ ಮೈಗೆ ಒಗ್ಗದ ಪದಾರ್ಥಗಳಿಗಾಗಿ ಮಾಡಿದ ನಿಯಮ. ಮಾಂಸ ಆ ಹದಿನಾಲ್ಕರಲ್ಲಿಲ್ಲ, ಅದಕ್ಕೆ ಇಡೀ ಯಾದಿಯನ್ನೇ ಓದಬೇಕು. ಆದರೂ ತತ್ತಿ, ಮೀನು ತಪ್ಪಿಸುವಷ್ಟಕ್ಕೆ ನಮಗೂ ಉಪಯೋಗ.

ಕೇಳುವಾಗ 'ವೆಜಿಟೇರಿಯನ್' ಎಂಬ ಒಂದೇ ಶಬ್ದ ಹೇಳಿ ಸುಮ್ಮನಾಗಬೇಡಿರಿ. ಕೋಳಿ, ಮೀನನ್ನು ಮಾಂಸವೆಂದೇ ಎಣಿಸದ ಜನರಿದ್ದಾರೆ. ದನ, ಹಂದಿ, ಕುರಿ, ಕೋಳಿ, ಮೀನು, ತತ್ತಿ ಇವು ಬೇಡವೆಂದು ಒಂದೊಂದಾಗಿ ಹೇಳಬೇಕು. ಆ ದೇಶದ ಭಾಷೆಯಲ್ಲಿಯೇ ಒಂದು ಚೀಟಿ ಬರೆಸಿ ಕಿಸೆಯಲ್ಲಿಟ್ಟುಕೊಂಡರೆ ಮತ್ತೂ ಒಳ್ಳೆಯದು. ಬುತ್ತಿ ಒಯ್ಯಿರಿ, ಬೇಡವೆನ್ನುವುದಿಲ್ಲ. ಕಟಕು ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಹತ್ತು ದಿನ ಕೆಡುವುದಿಲ್ಲ. ಆದರೆ ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿನ ದೇಶಗಳು ನಿಷೇಧಿಸಿವೆ. ತುಪ್ಪ, ಪೇಡೆ, ಖವೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗಿರಿ. ಬುತ್ತಿ ಹಸಿವೆಗೆ ಆಸರೆಯಾಗಲಿ, ಜನರಿಂದ ದೂರ ಕುಳಿತುಕೊಳ್ಳುವ ಮರೆಯಾಗದಿರಲಿ. ಅವರ ಮೇಜಿನಲ್ಲಿ ಕುಳಿತೇ ಉಣ್ಣಿರಿ. ಪಕ್ಕದವರ ತಾಟಿನಲ್ಲಿ ಏನಿದೆ ಎಂದು ಮುಖ ಸಿಂಡರಿಸಬೇಡಿರಿ.

'ಇಷ್ಟೆಲ್ಲ ಕೇಳಿಯೂ ತಿಳಿಯದೆ ಹೊಟ್ಟೆಗೆ ಹೋದರೆ?' ಎಂದು ನೀವು ಕೇಳಬಹುದು. ಅಂಥದು ಆದದ್ದುಂಟು. ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್ ಕಂಪನಿ 1990ರಲ್ಲಿ ದನದ ಕೊಬ್ಬಿನಲ್ಲಿ ಕರಿಯುವುದನ್ನು ಬಿಟ್ಟು ಸಸ್ಯದ ಎಣ್ಣೆಗೆ ಬಂದಿದ್ದೇವೆಂದು ಸಾರಿತು. ಅದನ್ನು ನಂಬಿ ಅಲ್ಲಿಯ ಅನೇಕ ಶಾಕಾಹಾರಿಗಳು ಕರಿದ ಬಟಾಟೆ ತಿಂದರು. ರುಚಿಗಾಗಿ ಅದಕ್ಕೆ ದನದ ಮಾಂಸದ ಅಂಶ ಸೇರಿಸುತ್ತಿದ್ದರೆಂಬುದು 2001ರಲ್ಲಿ ಬಯಲಾಯಿತು. ನಮ್ಮ ದೇಶದ ಮೂಲದವರೊಬ್ಬರು ಅಮೆರಿಕದಲ್ಲಿ ದಾವೆ ಹೂಡಿದರು. ಕಂಪನಿ ಕ್ಷಮೆ ಕೇಳಿ, 2002ರಲ್ಲಿ ಒಂದು ಕೋಟಿ ಡಾಲರು ಕೊಡಲು ಒಪ್ಪಿಕೊಂಡಿತು.

ಇಲ್ಲಿ ದೋಷ ಯಾರದು? ಕೇಳಿ, ನಂಬಿ ಉಂಡವರದಲ್ಲ. ಮುಚ್ಚಿಟ್ಟು ನೀಡಿದವರದು. ತಿಳಿಯದೆ ಆದದ್ದಕ್ಕೆ ಮನಸ್ಸನ್ನು ಸುಟ್ಟುಕೊಳ್ಳಬೇಡಿರಿ. ತಿಳಿದ ಗಳಿಗೆಗೆ ಕೈ ನಿಲ್ಲಿಸಿರಿ, ಉಣಬಡಿಸಿದವರನ್ನು ಅವಮಾನಿಸದೆ ಕಾರಣ ಹೇಳಿರಿ, ಲಿಂಗವನ್ನು ನೆನೆದು ಮುಂದೆ ನಡೆಯಿರಿ. ಆದರೆ ಕೇಳಲು ನಾಚಿ ಕಣ್ಣುಮುಚ್ಚಿ ಉಂಡು, ಆಮೇಲೆ 'ಗೊತ್ತಿರಲಿಲ್ಲ' ಎನ್ನುವುದು ಬೇರೆ ಮಾತು. ಅದು ಅಜ್ಞಾನವಲ್ಲ, ಜಾಣತನ.

ಇಲ್ಲಿಯವರೆಗಿನ ವಿಚಾರವನ್ನು ಉಮದಿಯ ಆ ಭಕ್ತರಿಗೆ ನಾವು ಮರುದಿನ ಹೇಳಿದೆವು. ಅವರಿಗೆ ಸಮಾಧಾನವಾಯಿತು. "ಕೇಳೂ ಹಕ್ಕ ನಮಗ ಅದ ಅಂದ್ರ ಆತ್ರಿ. ತಿನ್ನಾಂವ ಅದರಾಗ ಏನೈತಿ ಅಂತ ಕೇಳಾಕs ಬೇಕು" ಎಂದು ಎದ್ದರು.

ಆಗ ನಾವು, "ತಮ್ಮಾ, ಹಾಲೆಂಡಿನಾಂವ ನಿಮ್ಮ ದ್ರಾಕ್ಷಿ ಕೈಯಾಗ ಹಿಡಕೊಂಡ ಇದರಾಗ ಏನೈತಿ ಅಂತ ಕೇಳಿದ್ರ ಏನ ಹೇಳ್ತೀರಿ?" ಎಂದೆವು.

ಅವರು ಮತ್ತೆ ಕುಳಿತರು. 2010ರ ಹಂಗಾಮನ್ನು ಅವರು ಮರೆತಿರಲಿಲ್ಲ. ಸಿ.ಸಿ.ಸಿ. ಎಂದು ನೀವು ಕರೆಯುವ ಬೆಳವಣಿಗೆ ನಿಯಂತ್ರಕದ ಅಂಶ ಮಿತಿಗಿಂತ ಹೆಚ್ಚಿದೆಯೆಂದು ಯುರೋಪಿನವರು ಆ ವರ್ಷ ನಮ್ಮ ದ್ರಾಕ್ಷಿಯನ್ನು ತಿರಸ್ಕರಿಸಿದ್ದರು. ಬಂದರಿನಲ್ಲಿ ಪೆಟ್ಟಿಗೆಗಳು ನಿಂತವು, ಬೆಳೆಗಾರರಿಗೂ ವ್ಯಾಪಾರಿಗಳಿಗೂ ದೊಡ್ಡ ಪೆಟ್ಟು ಬಿದ್ದಿತು. ರಫ್ತಿಗೆ ಹೋಗುವ ತೋಟಗಳ ನೋಂದಣಿ, ಸಿಂಪಡಣೆಯ ಲೆಕ್ಕ, ಪ್ರಯೋಗಶಾಲೆಯ ಪರೀಕ್ಷೆ ಇವೆಲ್ಲ ಆ ಮೇಲೆ ಮತ್ತೂ ಬಿಗಿಯಾದವು. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರ ಈ ಕೆಲಸದಲ್ಲಿ ರೈತರ ಬೆನ್ನಿಗಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ ಮಾತನ್ನು ಇದ್ದಕ್ಕಿದ್ದಂತೆ ಬರೆಯುತ್ತೇವೆ: "ಅಪ್ಪಾರ, ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ. ಪರದೇಶಕ್ಕ ಹೋಗೂ ಪ್ಲಾಟಿಗಿ ದಿನಾ ಲೆಕ್ಕ ಬರದಿಡತೀವಿ. ಔಷಧ ಹೊಡದ ಮ್ಯಾಲ ಎಷ್ಟ ದಿವ್ಸ ಬಿಡಬೇಕೋ ಅಷ್ಟ ಬಿಡತೀವಿ. ಊರ ಪ್ಯಾಟಿಗಿ ಹೋಗೂದಕ್ಕ ಆ ಲೆಕ್ಕ ಇಲ್ರಿ. ಅಲ್ಲಿ ಯಾರ ಕೇಳ್ತಾರ?"

ಈ ಮಾತನ್ನೂ 'ಅಲ್ಲಿ ಯಾರು ನೋಡುತ್ತಾರೆ' ಎಂದ ಹುಡುಗನ ಮಾತನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಎರಡೂ ಒಂದೇ. ಹುಡುಗ ಊರಲ್ಲಿ ಶೀಲವಂತ, ಪರದೇಶದಲ್ಲಿ ಉಡಾಫೆಯವ. ನಮ್ಮ ರೈತರು ಪರದೇಶದವರ ಮುಂದೆ ಶೀಲವಂತರು, ಊರವರ ಪಾಲಿಗೆ ಉಡಾಫೆಯವರು. ಜತ್ತದ ಸಂತೆಯಲ್ಲಿ ಆ ದ್ರಾಕ್ಷಿ ಗೊಂಚಲನ್ನು ಕೊಳ್ಳುವವರು ನಮ್ಮವೇ ಮಕ್ಕಳು, ಬಸುರಿ ಬಾಣಂತಿಯರು. ಅವರು ಪ್ರಶ್ನೆ ಕೇಳುವುದಿಲ್ಲ, ನಂಬಿ ತಿನ್ನುತ್ತಾರೆ. ಮುಚ್ಚಿಟ್ಟು ನೀಡಿದವರದೇ ದೋಷವೆಂದು ಮೇಲೆ ಒಪ್ಪಿದ್ದೇವೆ. ಆ ನ್ಯಾಯ ಅಮೆರಿಕದ ಕಂಪನಿಗೊಂದೇ ಅನ್ವಯಿಸುವುದಿಲ್ಲ. ಬೇದಾಣೆಗೆ, ಹಾಲಿಗೆ, ಅರಿಷಿಣಕ್ಕೆ, ತಕ್ಕಡಿ ಹಿಡಿದ ಪ್ರತಿಯೊಬ್ಬರಿಗೂ ಅನ್ವಯಿಸುತ್ತದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ನಿಮಗೆಲ್ಲ ಗೊತ್ತಿದೆ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮತಾಯಿ ಅದನ್ನು ಒಳಗೆ ಒಯ್ಯಲಿಲ್ಲ. ನಮಗೆ ಬೇಕಾದಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳಿಸಿದಳು. ಅಕ್ಕಿ ಅದೇ ಅಕ್ಕಿ, ಅಂಗಳ ಅದೇ ಅಂಗಳ. ಆಕೆ ನೋಡಿದ್ದು ಅದು ಮನೆಗೆ ಬಂದ ದಾರಿಯನ್ನು. ಅನ್ನದ ಶುದ್ಧಿಯನ್ನು ಶರಣರು ಅಡಿಗೆ ಮಾಡಿದವರ ಕುಲದಲ್ಲಿ ಹುಡುಕಲಿಲ್ಲ, ಕಾಯಕದಲ್ಲಿ ಹುಡುಕಿದರು. ನಾವು ಉಣ್ಣುವ ಅನ್ನ ಹೇಗೆ ಬಂದಿತು ಎಂಬುದರ ಜೊತೆಗೆ ನಾವು ಉಣಿಸುವ ಅನ್ನ ಹೇಗೆ ಹೋಗುತ್ತದೆ ಎಂಬುದೂ ಶೀಲಕ್ಕೆ ಸೇರಿದ್ದು.

'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಹಿರಿಯರು ಹೇಳುತ್ತಾರೆ. ಬಲ್ಲವನೆಂದರೆ ಕೇಳಿ ತಿಳಿದು ಉಣ್ಣುವವನು. ಅವನೇ ಮಾರುವಾಗ ತಿಳಿಸಿ ಮಾರುವವನೂ ಆಗಬೇಕು.

ಉಮದಿಯ ಭಕ್ತರು ಹಾಲೆಂಡಿಗೆ ಹೋಗಿ ಬರಲೆಂದು ನಾವು ಹರಸಿ ಕಳಿಸಿದೆವು. ಕಟಕು ರೊಟ್ಟಿಯ ಗಂಟು ಕಟ್ಟಿಕೊಂಡರು, ಆದರೆ ಪಂಕ್ತಿ ಬಿಡುವುದಿಲ್ಲವೆಂದು ಮಾತು ಕೊಟ್ಟರು. ಕೇಳದೆಯೇ ಇನ್ನೊಂದು ಮಾತನ್ನೂ ಕೊಟ್ಟರು. ಈ ಸಲದ ಹಂಗಾಮಿನಿಂದ ಊರ ಪೇಟೆಗೆ ಹೋಗುವ ಪ್ಲಾಟಿಗೂ ಅದೇ ವಹಿಯಲ್ಲಿ ಲೆಕ್ಕ ಬರೆಯುವುದಾಗಿ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಅಡತಿಯ ಹುಡುಗ ಅದನ್ನು ಕೇಳಿಸಿಕೊಂಡ, ಆ ದಿನ ನಗಲಿಲ್ಲ.

ನಮ್ಮ ಸೀಮೆಯ ಉಳಿದ ಬೆಳೆಗಾರರೂ ವ್ಯಾಪಾರಿಗಳೂ ಈ ಮಾತನ್ನು ತಮ್ಮ ತಮ್ಮ ಮನೆಗಳಲ್ಲಿ ವಿಚಾರ ಮಾಡಬೇಕೆಂದು ಹಾರೈಸುತ್ತೇವೆ. ಸರ್ವರಿಗೂ ಲೇಸಾಗಲಿ. ಶರಣು.